ಪ್ರಿಂಟರ್ ಇಲ್ಲದೆ ಪಿಆರ್‌ಎನ್ ಫೈಲ್ ನೋಡುವುದು: ಯಾವ ಫೈಲಿಗೆ ಯಾವ ದಾರಿ?

ಹಳೆಯ ಕಂಪ್ಯೂಟರ್ ಒಂದನ್ನು ಖಾಲಿ ಮಾಡುವಾಗ ಪಿಆರ್‌ಎನ್ ಅನ್ನೋ ಬಾಲ ಇರುವ ಫೈಲ್‌ಗಳು ಸಿಗುವುದು ಮಾಮೂಲು. ಡಿಟಿಪಿ ಅಂಗಡಿಯ ಕಂಪ್ಯೂಟರ್ ಆದರೆ ಮದುವೆ ಪತ್ರಿಕೆ, ಕರಪತ್ರ, ಪುಸ್ತಕದ ಪುಟಗಳು. ಸಹಕಾರ ಸಂಘದ್ದಾದರೆ ಸಾಲದ ಪಟ್ಟಿ, ಕಿರ್ದಿ, ಖತಾವಣಿ. ಪ್ರಿಂಟರ್ ಯಾವತ್ತೋ ಗುಜರಿಗೆ ಹೋಗಿದೆ. ಫೈಲ್ ಮೇಲೆ ಎರಡು ಸಲ ಒತ್ತಿದರೆ ಇದನ್ನು ಯಾವ ಪ್ರೋಗ್ರಾಂನಲ್ಲಿ ತೆರೆಯಲಿ ಅಂತ ವಿಂಡೋಸ್ ನಿಮ್ಮನ್ನೇ ಕೇಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪರದೆ ತುಂಬ ಕಸ. ಫೈಲ್ ಕೆಟ್ಟಿದೆ ಅಂದುಕೊಂಡು ಬಹಳ ಜನ ಇಲ್ಲೇ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಫೈಲ್ ಸರಿಯಾಗಿಯೇ ಇರುತ್ತದೆ.

ಪ್ರಿಂಟ್ ಪೆಟ್ಟಿಗೆಯಲ್ಲಿ 'ಪ್ರಿಂಟ್ ಟು ಫೈಲ್' ಅಂತ ಒಂದು ಚಿಕ್ಕ ಚೌಕ ಇರುತ್ತದಲ್ಲ, ಅದಕ್ಕೆ ಟಿಕ್ ಹಾಕಿದರೆ ಹುಟ್ಟುವುದು ಈ ಫೈಲ್. ಪ್ರಿಂಟರ್‌ನ ತಂತಿಯಲ್ಲಿ ಹೋಗಬೇಕಿದ್ದ ಮಾಹಿತಿ ಹಾಗೇ ಡಿಸ್ಕಿನ ಮೇಲೆ ಬಂದು ಕೂತಿರುತ್ತದೆ, ಅಷ್ಟೆ. ಆದ್ದರಿಂದ ಪಿಆರ್‌ಎನ್ ಅನ್ನುವುದು ಒಂದು ಫಾರ್ಮ್ಯಾಟ್ ಅಲ್ಲವೇ ಅಲ್ಲ. ಅದು ಲಕೋಟೆ ಮಾತ್ರ. ಒಳಗಿನ ಕಾಗದ ಆ ದಿನ ಆಯ್ಕೆಯಾಗಿದ್ದ ಪ್ರಿಂಟರ್‌ನ ಭಾಷೆಯಲ್ಲಿರುತ್ತದೆ. ಒಂದೇ ಫೋಲ್ಡರ್‌ನ ಎರಡು ಪಿಆರ್‌ಎನ್‌ಗಳಲ್ಲಿ ಒಂದು ಸಲೀಸಾಗಿ ತೆರೆದುಕೊಂಡು ಇನ್ನೊಂದು ಜಪ್ಪಯ್ಯ ಅನ್ನದೆ ಇರುವುದು ಇದಕ್ಕೇ. 'ಪಿಆರ್‌ಎನ್ ವ್ಯೂವರ್' ಅಂತ ಹುಡುಕಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವುದು ದಂಡ. ಮೊದಲು ಒಳಗಿನ ಭಾಷೆ ಯಾವುದು ಅಂತ ಪತ್ತೆ ಮಾಡಿ. ದಾರಿ ತಾನಾಗಿ ಗೊತ್ತಾಗುತ್ತದೆ.

ಮೊದಲ ಸಾಲು ಓದಿ

ಫೈಲಿನ ಒಂದು ನಕಲು ಮಾಡಿಕೊಳ್ಳಿ. ಆ ನಕಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆಯಿರಿ. ಮಾಮೂಲಿ ನೋಟ್‌ಪ್ಯಾಡ್ ಕೂಡ ಆದೀತು, ಆದರೆ ಅದರಲ್ಲಿ ತಪ್ಪಿಯೂ ಸೇವ್ ಒತ್ತಬಾರದು. ಅಕ್ಷರವಲ್ಲದ ಬೈಟ್‌ಗಳನ್ನು ಅದು ಕೆಡಿಸಿಬಿಡುತ್ತದೆ.

ಮೊದಲ ಸಾಲಿನ ಆರಂಭದಲ್ಲೇ ಶೇಕಡ ಚಿಹ್ನೆ, ಉದ್ಗಾರ ಚಿಹ್ನೆ, ಅದಾದ ಕೂಡಲೇ 'ಪಿಎಸ್-ಅಡೋಬಿ' ಅಂತ ಇದ್ದರೆ ಅದು ಪೋಸ್ಟ್‌ಸ್ಕ್ರಿಪ್ಟ್. ನಿಮ್ಮ ಅದೃಷ್ಟ ಚೆನ್ನಾಗಿದೆ. ಕಾಣದ ಒಂದು ಎಸ್ಕೇಪ್ ಅಕ್ಷರ, ಆಮೇಲೆ ಶೇಕಡ ಚಿಹ್ನೆ, ಅಡ್ಡಗೆರೆ, 12345 ಮತ್ತು ಎಕ್ಸ್ ಇದ್ದರೆ ಅದು ಭಾಷೆಯಲ್ಲ, ಪಿಜೆಎಲ್ ಅನ್ನುವ ತಲೆಬರಹ. ಅದರ ಕೆಳಗಿನ ಸಾಲುಗಳಲ್ಲಿ 'ಎಂಟರ್ ಲ್ಯಾಂಗ್ವೇಜ್' ಅಂತ ಹುಡುಕಿ. ಸಮ ಚಿಹ್ನೆಯ ಆಚೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್, ಪಿಸಿಎಲ್‌ಎಕ್ಸ್‌ಎಲ್ ಅಂತ ಭಾಷೆಯ ಹೆಸರನ್ನೇ ಬರೆದಿರುತ್ತದೆ. ಮೊದಲ ಎರಡು ಅಕ್ಷರ ಪಿ ಮತ್ತು ಕೆ ಆಗಿದ್ದರೆ ಅದು ಜಿಪ್ ಮಾಡಿದ ಎಕ್ಸ್‌ಪಿಎಸ್ ಇರಬೇಕು. ಶೇಕಡ ಚಿಹ್ನೆ ಆದಮೇಲೆ ನೇರವಾಗಿ ಪಿಡಿಎಫ್ ಅಂತಲೇ ಇದ್ದರೆ ಫೈಲಿನ ಬಾಲವನ್ನು ಪಿಡಿಎಫ್ ಅಂತ ಬದಲಿಸಿ, ಮುಗಿಯಿತು. ಎಸ್ಕೇಪ್ ಆದಮೇಲೆ 'ಅಟ್' ಚಿಹ್ನೆ ಇದ್ದು, ಕೆಳಗೆ ಓದಲು ಬರುವ ಹೆಸರು, ಅಂಕಿಗಳು ಕಂಡರೆ ಅದು ಡಾಟ್ ಮ್ಯಾಟ್ರಿಕ್ಸ್‌ಗೆ ಬರೆದದ್ದು.

ಇದ್ಯಾವುದೂ ಅಲ್ಲದೆ ಬರೀ ಚೌಕ, ಚುಕ್ಕಿಗಳೇ ತುಂಬಿದ್ದರೆ ಕೆಲಸ ಕಷ್ಟ. ಅದನ್ನು ಆಮೇಲೆ ನೋಡೋಣ.

ಪೋಸ್ಟ್‌ಸ್ಕ್ರಿಪ್ಟ್: ಎಲ್ಲಕ್ಕಿಂತ ಸುಲಭ, ಆದರೆ ಕನ್ನಡಕ್ಕೆ ಒಂದು ಷರತ್ತು

ಅಡೋಬಿ 1984ರಲ್ಲಿ ತಂದ ಭಾಷೆ ಇದು. ಮರುವರ್ಷ ಪುಟ ಕಟ್ಟುವ ಪ್ರೋಗ್ರಾಂ ಪೇಜ್‌ಮೇಕರ್ ಮತ್ತು ಆ್ಯಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಬಂದವು. ಡಿಟಿಪಿ ಅನ್ನೋ ಕಸುಬು ಹುಟ್ಟಿದ್ದೇ ಈ ಮೂರೂ ಸೇರಿ. ಬೆಂಗಳೂರಿರಲಿ, ಮುದ್ರಣಕ್ಕೆ ಹೆಸರಾದ ಗದಗ ಇರಲಿ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುತ್ತಿದ್ದ ಕಡೆಯ ಪಿಆರ್‌ಎನ್ ಆದರೆ ಒಳಗೆ ಪೋಸ್ಟ್‌ಸ್ಕ್ರಿಪ್ಟ್ ಇರುವ ಸಾಧ್ಯತೆ ಜಾಸ್ತಿ.

ಈ ಭಾಷೆಯ ದೊಡ್ಡ ಅನುಕೂಲ ಏನೆಂದರೆ, ಫೈಲಿನ ತಲೆಭಾಗವನ್ನು ಮನುಷ್ಯರೂ ಓದಬಹುದು. ಎರಡು ಶೇಕಡ ಚಿಹ್ನೆ ಆದಮೇಲೆ 'ಟೈಟಲ್', 'ಕ್ರಿಯೇಟರ್', 'ಕ್ರಿಯೇಶನ್‌ಡೇಟ್', 'ಪೇಜಸ್' ಅಂತ ಸಾಲುಗಳು ಇರುತ್ತವೆ. ಯಾವ ಪ್ರೋಗ್ರಾಂನಿಂದ, ಯಾವ ದಿನ, ಯಾವ ಹೆಸರಿನ ಕಡತ ಅಂತ ಚಿತ್ರ ನೋಡುವ ಮೊದಲೇ ತಿಳಿಯುತ್ತದೆ. 'ಪೇಜಸ್' ಎದುರು ಅಂಕಿ ಇಲ್ಲದೆ 'ಅಟ್ ಎಂಡ್' ಅಂತಿದ್ದರೆ ಫೈಲಿನ ಕಟ್ಟಕಡೆಗೆ ಹೋಗಿ, ಪುಟಗಳ ಸಂಖ್ಯೆ ಅಲ್ಲಿ ಸಿಗುತ್ತದೆ. ನೂರಾರು ಫೈಲ್ ಇದ್ದರೆ ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲು ಇಷ್ಟೇ ಸಾಕು.

ಇನ್ನು ನೋಡುವ ದಾರಿಗಳು. ಎಲ್ಲದರ ಬುಡದಲ್ಲಿ ಇರುವುದು ಗೋಸ್ಟ್‌ಸ್ಕ್ರಿಪ್ಟ್. ಪೀಟರ್ ಡಾಯ್ಚ್ ಅನ್ನುವವರು 1988ರಲ್ಲಿ ಮೊದಲು ಹೊರತಂದದ್ದು, ಈಗ ಆರ್ಟಿಫೆಕ್ಸ್ ಕಂಪನಿ ನೋಡಿಕೊಳ್ಳುತ್ತಿದೆ. ಉಚಿತ, ಮೂಲ ಕೋಡ್ ಕೂಡ ತೆರೆದಿಟ್ಟಿದ್ದಾರೆ. ಆದರೆ ಅದು ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿಯಲ್ಲಿ ಆದೇಶ ಟೈಪ್ ಮಾಡಿ ಬಳಸುವ ಸಾಧನ. ಆ ತಾಪತ್ರಯ ಬೇಡ ಅನ್ನುವವರು ಗೋಸ್ಟ್‌ಸ್ಕ್ರಿಪ್ಟ್ ಹಾಕಿಕೊಂಡು, ಅದರ ಜೊತೆಗೆ ಸುಮಾತ್ರಾ ಪಿಡಿಎಫ್ ಹಾಕಿಕೊಳ್ಳಿ. ಸುಮಾತ್ರಾ ಒಂದೇ ಇದ್ದರೆ ಪೋಸ್ಟ್‌ಸ್ಕ್ರಿಪ್ಟ್ ತೆರೆಯುವುದಿಲ್ಲ, ಎರಡೂ ಇದ್ದರೆ ತೆರೆಯುತ್ತದೆ. ಪಿಆರ್‌ಎನ್ ಅನ್ನುವ ಬಾಲ ತೆಗೆದು ಪಿಎಸ್ ಅಂತ ಹಾಕಿ. ಲಿನಕ್ಸ್‌ನವರಿಗೆ ಒಕ್ಯುಲರ್ ಸಾಕು. ಹಳಬರು ಜಿಎಸ್‌ವ್ಯೂ ಹೆಸರು ಹೇಳುತ್ತಾರೆ. ಒಂದು ಕಾಲಕ್ಕೆ ಅದೇ ಸರಿಯಾದ ಉತ್ತರವಾಗಿತ್ತು, ಆದರೆ ಅದರ ಬೆಳವಣಿಗೆ ನಿಂತು ವರ್ಷಗಳೇ ಆದವು. ಹೊಸದಾಗಿ ಹಾಕಿಕೊಳ್ಳುವವರಿಗೆ ನಾನು ಅದನ್ನು ಹೇಳುವುದಿಲ್ಲ. ಮ್ಯಾಕ್‌ನವರು ಒಂದು ವಿಷಯ ಗಮನಿಸಿ. ಮೊದಲು ಪ್ರಿವ್ಯೂ ಈ ಫೈಲ್‌ಗಳನ್ನು ತಾನೇ ತೆರೆಯುತ್ತಿತ್ತು. 2022ರ ವೆಂಚುರಾದಿಂದ ಆ ಸೌಲಭ್ಯ ತೆಗೆದುಹಾಕಿದ್ದಾರೆ. ಅಲ್ಲೂ ಈಗ ಗೋಸ್ಟ್‌ಸ್ಕ್ರಿಪ್ಟೇ ಗತಿ.

ದುಡ್ಡು ಕೊಟ್ಟು ಕೊಳ್ಳುವುದಾದರೆ ಅಡೋಬಿ ಆ್ಯಕ್ರೊಬ್ಯಾಟ್‌ನ ಪ್ರೊ ಆವೃತ್ತಿಯ ಜೊತೆ ಬರುವ ಡಿಸ್ಟಿಲರ್ ಇದೆ. ಉಚಿತವಾಗಿ ಸಿಗುವ ರೀಡರ್‌ನಲ್ಲಿ ಇದು ಇಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಸುಮ್ನೆ ನೋಡುವುದಕ್ಕೆ ಡಿಸ್ಟಿಲರ್ ಕೊಳ್ಳುವ ಅಗತ್ಯ ಇಲ್ಲ. ಪುಸ್ತಕ ಮರುಮುದ್ರಣಕ್ಕೆ ಹೋಗುತ್ತಿದೆ, ಪುಟ ಒಂದು ಕೂದಲಿನಷ್ಟೂ ಆಚೀಚೆ ಆಗಬಾರದು ಅನ್ನುವವರಿಗೆ ಅದರಲ್ಲಿ ಒಂದು ಒಳ್ಳೆಯ ಆಯ್ಕೆ ಇದೆ. ಫಾಂಟ್ ಸಿಗದಿದ್ದರೆ ಬೇರೊಂದನ್ನು ತುಂಬಿ ಮುಂದೆ ಹೋಗುವ ಬದಲು ಕೆಲಸವನ್ನೇ ನಿಲ್ಲಿಸು ಅಂತ ಅದಕ್ಕೆ ಹೇಳಿಡಬಹುದು.

ಫಾಂಟ್ ವಿಷಯ ಬಂತಲ್ಲ, ಕನ್ನಡದವರು ಇಲ್ಲೇ ಸ್ವಲ್ಪ ನಿಲ್ಲಬೇಕು. ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಇಂದಿನ ಕಂಪ್ಯೂಟರ್‌ನಲ್ಲಿ ತೆರೆದರೆ ಏನು ಕಾಣುತ್ತದೆ ಅಂತ ಎಲ್ಲರಿಗೂ ಗೊತ್ತು: ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪೋಸ್ಟ್‌ಸ್ಕ್ರಿಪ್ಟ್ ಪಿಆರ್‌ಎನ್‌ನಲ್ಲಿ ಹಾಗಾಗುವುದು ಕಡಿಮೆ. ಡ್ರೈವರ್, ಅಂದರೆ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ತಂತ್ರಾಂಶ, ಆ ಫಾಂಟಿನ ಅಕ್ಷರ ರೂಪಗಳನ್ನು ಫೈಲಿನೊಳಗೇ ಸೇರಿಸಿಬಿಟ್ಟಿರುತ್ತದೆ. ಈಗ ನಿಮ್ಮ ಬಳಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಸಮೇತ ಪುಟ ಅಂದು ಇದ್ದ ಹಾಗೆಯೇ ಕಾಣುತ್ತದೆ. ಮೂಲ ಪೇಜ್‌ಮೇಕರ್ ಕಡತ ಇದ್ದೂ ಫಾಂಟ್ ಕಳೆದುಹೋಗಿರುವ ಕಡೆ ಈ ಪಿಆರ್‌ಎನ್ ಮೂಲಕ್ಕಿಂತ ಬೆಲೆಬಾಳುತ್ತದೆ.

ಷರತ್ತು ಇಷ್ಟೆ. ಆಗ ಕೂತಿದ್ದ ಆಪರೇಟರ್ ಪ್ರಿಂಟ್ ಆಯ್ಕೆಗಳಲ್ಲಿ ಫಾಂಟ್ ಸೇರಿಸುವುದನ್ನು ಬಿಟ್ಟಿದ್ದರೆ, ಫೈಲಿನಲ್ಲಿ ಫಾಂಟಿನ ಹೆಸರು ಮಾತ್ರ ಇರುತ್ತದೆ. ಆಗ ಗೋಸ್ಟ್‌ಸ್ಕ್ರಿಪ್ಟ್ ಅದರ ಜಾಗಕ್ಕೆ ಕೊರಿಯರ್‌ನಂಥ ಬೇರೆ ಫಾಂಟ್ ಹಾಕಿ ಅದೇ ಇಂಗ್ಲಿಷ್ ಕಲಸುಮೇಲೋಗರ ತೋರಿಸುತ್ತದೆ. ಕಪ್ಪು ಕಿಟಕಿಯಲ್ಲಿ ನಡೆಸಿದರೆ ಯಾವ ಫಾಂಟ್ ಸಿಗಲಿಲ್ಲ, ಬದಲಿಗೆ ಯಾವುದನ್ನು ಹಾಕಿದೆ ಅಂತ ಸಂದೇಶವೂ ಬರುತ್ತದೆ. ಆ ಹೆಸರು ಬರೆದುಕೊಳ್ಳಿ. ಅದೇ ಫಾಂಟನ್ನು ಹುಡುಕಿ ತಂದು ಗೋಸ್ಟ್‌ಸ್ಕ್ರಿಪ್ಟ್‌ಗೆ ಅದರ ಜಾಗ ತೋರಿಸಿದರೆ ಪುಟ ಸರಿಯಾಗಬಹುದು.

ಪುಟ ಚೆನ್ನಾಗಿ ಕಂಡಿತು ಅಂತ ಅದರಿಂದ ಪಠ್ಯ ನಕಲು ಮಾಡಲು ಹೋಗಬೇಡಿ. ಕಾಣುವುದು ಕನ್ನಡ, ನಕಲಾಗುವುದು ಕಸ. ಪಠ್ಯವೇ ಬೇಕಿದ್ದರೆ ಪುಟವನ್ನು 300 ಡಿಪಿಐ (ಇಂಚಿಗೆ 300 ಚುಕ್ಕಿ) ಚಿತ್ರವಾಗಿಸಿ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಓಸಿಆರ್‌ಗೆ ಕೊಡಿ. ಟೆಸೆರಾಕ್ಟ್‌ಗೆ ಕನ್ನಡ ಗೊತ್ತು, ಗೂಗಲ್ ಡ್ರೈವ್‌ನ ಓಸಿಆರ್‌ಗೂ ಗೊತ್ತು. ಆಮೇಲೆ ತಿದ್ದುವ ಕೆಲಸ ಇದ್ದೇ ಇರುತ್ತದೆ.

ಮುದ್ರಣದ ಪ್ಲೇಟ್‌ಗಾಗಿ ಫಿಲಂ ತೆಗೆಸಲು ಮಾಡಿದ ಪಿಆರ್‌ಎನ್ ಆಗಿದ್ದರೆ ಇನ್ನೊಂದು ವಿಚಿತ್ರ ಕಾಣಬಹುದು. ಎಂಟು ಪುಟದ ಕರಪತ್ರ 32 ಪುಟವಾಗಿ ತೆರೆದುಕೊಳ್ಳುತ್ತದೆ, ಎಲ್ಲವೂ ಬೂದು ಬಣ್ಣ. ಗಾಬರಿ ಬೇಡ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಅಂತ ಪ್ರತಿ ಪುಟವೂ ನಾಲ್ಕು ಪ್ಲೇಟ್‌ಗಳಾಗಿ ಒಡೆದಿರುತ್ತದೆ. ಮೂಲೆಗಳಲ್ಲಿ ಕತ್ತರಿಸುವ ಗುರುತು, ಅಂಚಿನಲ್ಲಿ ಬಣ್ಣದ ಹೆಸರು ಕಂಡರೆ ಖಾತ್ರಿ. ಕನ್ನಡಿಯಲ್ಲಿ ನೋಡಿದಂತೆ ಅಕ್ಷರಗಳು ತಿರುಗಿದ್ದರೆ ಅದು ಟ್ರೇಸಿಂಗ್ ಹಾಳೆ ಅಥವಾ ಫಿಲಂಗೆ ಬೇಕೆಂದೇ ತಿರುಗಿಸಿದ್ದು. ಪಿಡಿಎಫ್ ಪುಟವನ್ನು ಚಿತ್ರವಾಗಿ ಉಳಿಸಿಕೊಂಡು ಅಡ್ಡಡ್ಡ ತಿರುಗಿಸಿದರೆ ಓದಬಹುದು.

ಒಂದು ಎಚ್ಚರಿಕೆ. ಪೋಸ್ಟ್‌ಸ್ಕ್ರಿಪ್ಟ್ ನಿಜವಾದ ಪ್ರೋಗ್ರಾಮಿಂಗ್ ಭಾಷೆ. ಫೈಲ್ ತೆರೆಯುವುದು ಅಂದರೆ ಒಂದು ಪ್ರೋಗ್ರಾಂ ನಡೆಸುವುದು. 2019ರ 9.50 ಆವೃತ್ತಿಯಿಂದ ಗೋಸ್ಟ್‌ಸ್ಕ್ರಿಪ್ಟ್ ತಾನಾಗಿಯೇ ಸುರಕ್ಷಿತ ವಿಧಾನದಲ್ಲಿ ಓಡುತ್ತದೆ. ನಿಮ್ಮದೇ ಹಳೆಯ ಫೈಲ್‌ಗೆ ಭಯವಿಲ್ಲ. ಯಾರೋ ಕಳಿಸಿದ್ದನ್ನು ತೆರೆಯುವವರು ಹೊಸ ಆವೃತ್ತಿಯನ್ನೇ ಬಳಸಿ.

ಪಿಸಿಎಲ್: ಕಚೇರಿಯ ಲೇಸರ್ ಪ್ರಿಂಟರ್‌ಗಳ ಭಾಷೆ

ಎಚ್‌ಪಿಯ ಲೇಸರ್‌ಜೆಟ್‌ಗಳು ಮತ್ತು ಅವುಗಳ ಹಾದಿ ಹಿಡಿದ ಇತರ ಕಂಪನಿಗಳ ಪ್ರಿಂಟರ್‌ಗಳು ಮಾತಾಡುವುದು ಇದನ್ನು. ಎರಡು ಬಗೆ ಇದೆ: ಹಳೆಯ ಪಿಸಿಎಲ್ 5, ಮತ್ತು ಪಿಸಿಎಲ್ 6 ಎಂದು ಕರೆಯುವ ಎಕ್ಸ್‌ಎಲ್. ನೋಡುವವರಿಗೆ ಈ ವ್ಯತ್ಯಾಸದಿಂದ ತೊಂದರೆಯಿಲ್ಲ. ಗೋಸ್ಟ್‌ಸ್ಕ್ರಿಪ್ಟ್ ಮಾಡಿದವರೇ ಕೊಡುವ ಗೋಸ್ಟ್‌ಪಿಸಿಎಲ್ ಎರಡನ್ನೂ ಓದುತ್ತದೆ.

ಇಲ್ಲಿ ಆಯ್ಕೆಗಳು ಕಡಿಮೆ. ಸುಮಾತ್ರಾ, ಒಕ್ಯುಲರ್ ಯಾವುದೂ ಪಿಸಿಎಲ್ ತೆರೆಯುವುದಿಲ್ಲ. ಗೋಸ್ಟ್‌ಪಿಸಿಎಲ್‌ನ ಜಿಪ್ ಇಳಿಸಿ ಒಂದು ಫೋಲ್ಡರ್‌ನಲ್ಲಿ ಬಿಚ್ಚಿ, ನಿಮ್ಮ ಪಿಆರ್‌ಎನ್ ಅನ್ನೂ ಅಲ್ಲೇ ಇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದೇ ಸಾಲು ಬೇಕು: ಪ್ರೋಗ್ರಾಂನ ಹೆಸರು, ಸಾಧನ 'ಪಿಡಿಎಫ್‌ರೈಟ್' ಅಂತ ಒಂದು ಸೂಚನೆ, ಹುಟ್ಟಬೇಕಾದ ಪಿಡಿಎಫ್‌ನ ಹೆಸರು, ಕೊನೆಗೆ ನಿಮ್ಮ ಪಿಆರ್‌ಎನ್‌ನ ಹೆಸರು. ಸಾಧನದ ಜಾಗದಲ್ಲಿ ಪಿಎನ್‌ಜಿ ಹೇಳಿದರೆ ಚಿತ್ರಗಳು ಬರುತ್ತವೆ. ಒಮ್ಮೆ ಈ ಸಾಲನ್ನು ಬ್ಯಾಚ್ ಫೈಲಿನಲ್ಲಿ ಬರೆದಿಟ್ಟರೆ ಫೋಲ್ಡರ್‌ಗಟ್ಟಲೆ ಫೈಲ್‌ಗಳನ್ನು ಒಂದೇ ಏಟಿಗೆ ಪಿಡಿಎಫ್ ಮಾಡಬಹುದು. ದುಡ್ಡು ಕೊಟ್ಟು ಕೊಳ್ಳುವ, ಮೌಸ್ ಒತ್ತಿದರೆ ಪುಟ ತೋರಿಸುವ ಪಿಸಿಎಲ್ ವ್ಯೂವರ್‌ಗಳೂ ಇವೆ. ದಿನಾ ಇಂಥ ಫೈಲ್ ನೋಡುವ ಕಚೇರಿಗೆ ಸರಿ. ಹತ್ತಿಪ್ಪತ್ತು ಹಳೆಯ ಫೈಲ್‌ಗೆ ಅಷ್ಟು ಖರ್ಚು ಯಾಕೆ?

ಪಿಸಿಎಲ್‌ನಲ್ಲಿ ಪೋಸ್ಟ್‌ಸ್ಕ್ರಿಪ್ಟ್‌ನ ಹಾಗೆ ಶೀರ್ಷಿಕೆ, ತಾರೀಕು ಓದಲು ಸಿಗುವುದಿಲ್ಲ. ಪಿಜೆಎಲ್ ತಲೆಬರಹ ಇದ್ದರೆ ಅದರಲ್ಲಿ ಕೆಲಸದ ಹೆಸರು, ಬಳಕೆದಾರರ ಹೆಸರು ಕೆಲವೊಮ್ಮೆ ಇರುತ್ತದೆ. ಕನ್ನಡ ಅಕ್ಷರಗಳು ಇಲ್ಲೂ ಫೈಲಿನ ಜೊತೆಗೇ ಹೋಗಿರಬೇಕು, ಯಾಕೆಂದರೆ ಪ್ರಿಂಟರ್‌ನ ಹೊಟ್ಟೆಯಲ್ಲಿ ಕನ್ನಡ ಫಾಂಟ್ ಎಲ್ಲಿಂದ ಬರಬೇಕು?

ಒಳಗಿನ ಭಾಷೆ ಪಿಸಿಎಲ್ಲೋ ಪೋಸ್ಟ್‌ಸ್ಕ್ರಿಪ್ಟೋ ಅಂತ ಖಚಿತವಾಗದಿದ್ದರೆ ಅದೇ ಬಳಗದ ಗೋಸ್ಟ್‌ಪಿಡಿಎಲ್ ಪ್ರಯತ್ನಿಸಿ. ಅದು ಭಾಷೆಯನ್ನು ತಾನೇ ಗುರುತಿಸಿ ಕೆಲಸ ಮಾಡುತ್ತದೆ.

ಎಕ್ಸ್‌ಪಿಎಸ್

ಹೆಚ್ಚು ಹೇಳಲು ಏನಿಲ್ಲ. ಮೈಕ್ರೊಸಾಫ್ಟ್ ವಿಸ್ಟಾ ಕಾಲದಲ್ಲಿ ಪಿಡಿಎಫ್‌ಗೆ ಪೈಪೋಟಿಯಾಗಿ ತಂದದ್ದು, ಪೈಪೋಟಿ ನಡೆಯಲಿಲ್ಲ. 'ಎಕ್ಸ್‌ಪಿಎಸ್ ಡಾಕ್ಯುಮೆಂಟ್ ರೈಟರ್' ಅನ್ನೋ ಪ್ರಿಂಟರನ್ನು ಗೊತ್ತಿಲ್ಲದೆ ಆರಿಸಿದವರ ಬಳಿ ಇಂಥ ಫೈಲ್ ಇರುತ್ತದೆ. ವಿಂಡೋಸ್ 8ರಿಂದ ಬಾಲ ಓಎಕ್ಸ್‌ಪಿಎಸ್ ಆಯಿತು. ವಿಂಡೋಸ್‌ನ ಸ್ವಂತ ಎಕ್ಸ್‌ಪಿಎಸ್ ವ್ಯೂವರ್ 2018ರಿಂದ ಹೊಸ ಕಂಪ್ಯೂಟರ್‌ಗಳಲ್ಲಿ ಮೊದಲೇ ಬರುವುದಿಲ್ಲ, ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಸೇರಿಸಿಕೊಳ್ಳಬೇಕು. ಅದರ ಬದಲು ಸುಮಾತ್ರಾ ಪಿಡಿಎಫ್ ಹಾಕಿಕೊಳ್ಳಿ. ಇದಕ್ಕೆ ಗೋಸ್ಟ್‌ಸ್ಕ್ರಿಪ್ಟ್ ಕೂಡ ಬೇಡ.

ಡಾಟ್ ಮ್ಯಾಟ್ರಿಕ್ಸ್: ನೋಟ್‌ಪ್ಯಾಡ್ ಸಾಕೋ, ಡಾಸ್‌ಬಾಕ್ಸ್ ಬೇಕೋ

ಫಾಕ್ಸ್‌ಪ್ರೊ, ಕ್ಲಿಪ್ಪರ್‌ನಲ್ಲಿ ಬರೆದ ಲೆಕ್ಕದ ಪ್ರೋಗ್ರಾಂಗಳು, ಟಿವಿಎಸ್ ಅಥವಾ ಎಪ್ಸನ್ ಪ್ರಿಂಟರ್‌ಗಳು, ರಂಧ್ರದ ಅಂಚಿನ ಉದ್ದ ಕಾಗದ. ಸಹಕಾರ ಸಂಘ, ಅಕ್ಕಿ ಗಿರಣಿ, ಮಂಡಿಗಳ ಹಳೆಯ ಲೆಕ್ಕ ಇರುವುದು ಈ ರೂಪದಲ್ಲಿ. ಇಂಗ್ಲಿಷ್ ಅಕ್ಷರದ ವರದಿಯಾದರೆ ಇದು ಹೆಚ್ಚುಕಡಿಮೆ ಸಾದಾ ಪಠ್ಯವೇ. ನಡುನಡುವೆ ಪ್ರಿಂಟರ್‌ಗೆ ಕೊಟ್ಟ ಸೂಚನೆಗಳು ಮಾತ್ರ ಸೇರಿಕೊಂಡಿರುತ್ತವೆ.

ತಲೆಬರಹದ ಸಾಲು ಶುರುವಾಗುವ ಮುಂಚೆ ಒಂದು ಚಿಕ್ಕ ಚೌಕ, ಅದರ ಪಕ್ಕ ದೊಡ್ಡ 'ಇ'. ಸಾಲು ಮುಗಿದಾಗ ಮತ್ತೆ ಚೌಕ, ಪಕ್ಕ 'ಎಫ್'. ದಪ್ಪ ಅಕ್ಷರ ಶುರು ಮಾಡು, ನಿಲ್ಲಿಸು ಅಂತ ಅದರ ಅರ್ಥ. 15ನೇ ಸಂಖ್ಯೆಯ ಸೂಚನೆ ಅಕ್ಷರಗಳನ್ನು ಕಿರಿದು ಮಾಡುತ್ತದೆ, 18 ಮತ್ತೆ ಮಾಮೂಲಿಗೆ ತರುತ್ತದೆ, 12 ಪುಟ ಬದಲಿಸುತ್ತದೆ. ಕಿರಿದು ಮಾಡಿದಾಗ 80 ಅಕ್ಷರದ ಪ್ರಿಂಟರ್‌ನಲ್ಲೇ ಒಂದು ಸಾಲಿಗೆ 130ಕ್ಕೂ ಹೆಚ್ಚು ಅಕ್ಷರ ಹಿಡಿಯುತ್ತವೆ. ಅದಕ್ಕೇ ನೋಟ್‌ಪ್ಯಾಡ್‌ನಲ್ಲಿ ಸಾಲುಗಳು ಮುರಿದು, ಅಸಲು ಇರಬೇಕಾದ ಕಡೆ ಬಡ್ಡಿ ಕಾಣುತ್ತದೆ. ವರ್ಡ್ ರ್‍ಯಾಪ್ ತೆಗೆಯಿರಿ. ಕೊರಿಯರ್ ನ್ಯೂ ಅಥವಾ ಕನ್ಸೋಲಾಸ್‌ನಂಥ, ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟ್ ಹಾಕಿ. ಕಾಲಂಗಳು ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ.

ಗೆರೆಗಳಿರಬೇಕಾದ ಕಡೆ ತಲೆಯ ಮೇಲೆ ಎರಡು ಚುಕ್ಕಿ ಇರುವ ಇಂಗ್ಲಿಷ್ 'ಎ' ಸಾಲುಸಾಲಾಗಿ ಬಂದರೆ ಅದೂ ಫೈಲಿನ ದೋಷವಲ್ಲ. ಡಾಸ್ ಕಾಲದ 437 ಅನ್ನುವ ಅಕ್ಷರ ಪಟ್ಟಿಯಲ್ಲಿ ಅಡ್ಡಗೆರೆ ಇದ್ದ ಸಂಖ್ಯೆಗೆ ವಿಂಡೋಸ್ ಪಟ್ಟಿಯಲ್ಲಿ ಆ 'ಎ' ಕೂತಿದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಪಟ್ಟಿಯಲ್ಲಿ ಓಇಎಂ-ಯುಎಸ್ ಆರಿಸಿದರೆ ಕೋಷ್ಟಕದ ಗೆರೆಗಳು ಎದ್ದು ಬರುತ್ತವೆ. ಲೆಕ್ಕ ನೋಡುವುದಷ್ಟೇ ಕೆಲಸವಾದರೆ ಇಲ್ಲಿಗೆ ನಿಲ್ಲಿಸಿ. ಈ ಪಠ್ಯವನ್ನು ಎಕ್ಸೆಲ್‌ಗೂ ತರಬಹುದು. ಪಿಡಿಎಫ್ ಮಾಡಿದರೆ ಅಷ್ಟು ಸುಲಭವಾಗಿ ತರಲಾಗುವುದಿಲ್ಲ. ಹಾಗಾಗಿ ಅಂಕಿಗಳ ವರದಿಗೆ ನನ್ನ ಮತ ನೋಟ್‌ಪ್ಯಾಡ್‌ಗೇ.

ಆದರೆ ವರದಿ ಕನ್ನಡದಲ್ಲಿದ್ದರೆ ಇದು ನಡೆಯುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್‌ನ ಒಳಗೆ ಕನ್ನಡ ಅಕ್ಷರ ಇರಲಿಲ್ಲವಾದ್ದರಿಂದ ಪ್ರೋಗ್ರಾಂಗಳು ಅಕ್ಷರಗಳನ್ನು ಚುಕ್ಕಿಗಳ ಚಿತ್ರವಾಗಿ ಕಳಿಸುತ್ತಿದ್ದವು. ಆ ಚುಕ್ಕಿಗಳನ್ನು ಪರದೆಯ ಮೇಲೆ ಯಾರಾದರೂ ಒತ್ತಿ ತೋರಿಸಬೇಕು. ಅದನ್ನು ಮಾಡುವುದು ಡಾಸ್‌ಬಾಕ್ಸ್-ಎಕ್ಸ್, ಇಂದಿನ ಕಂಪ್ಯೂಟರ್‌ನಲ್ಲಿ ಹಳೆಯ ಡಾಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ. ಮಾಮೂಲಿ ಡಾಸ್‌ಬಾಕ್ಸ್ ಅಲ್ಲ, ಎಕ್ಸ್ ಇರುವ ಆವೃತ್ತಿಯೇ ಬೇಕು. ಅದರೊಳಗೆ ಒಂದು ನಕಲಿ ಎಪ್ಸನ್ ಪ್ರಿಂಟರ್ ಇದೆ. ಸೆಟ್ಟಿಂಗ್ ಕಡತದಲ್ಲಿ ಮೊದಲ ಪ್ಯಾರಲಲ್ ಪೋರ್ಟಿಗೆ ಪ್ರಿಂಟರ್ ಅಂತ ಕೊಟ್ಟು, ಔಟ್‌ಪುಟ್ ಪಿಎನ್‌ಜಿ ಇರಲಿ ಅಂತ ಹೇಳಿ. ಆಮೇಲೆ ಕಾಪಿ ಆದೇಶದಿಂದ ಪಿಆರ್‌ಎನ್ ಅನ್ನು ಆ ಪೋರ್ಟಿಗೆ, ಅಂದರೆ ಎಲ್‌ಪಿಟಿ1ಕ್ಕೆ ಕಳಿಸಿದರೆ ಪುಟಗಳು ಚಿತ್ರಗಳಾಗಿ ಫೋಲ್ಡರ್‌ಗೆ ಬೀಳುತ್ತವೆ. ಕಾಪಿಗೆ 'ಬಿ' ಸ್ವಿಚ್ ಹಾಕುವುದು ಮರೆಯಬೇಡಿ. ಅದಿಲ್ಲದಿದ್ದರೆ ಚಿತ್ರದ ನಡುವೆ 26ನೇ ಸಂಖ್ಯೆಯ ಬೈಟ್ ಸಿಕ್ಕ ಕೂಡಲೇ ಫೈಲ್ ಮುಗಿಯಿತು ಅಂದುಕೊಂಡು ಅರ್ಧ ಪುಟಕ್ಕೇ ನಿಂತುಬಿಡುತ್ತದೆ.

ಹೋಸ್ಟ್ ಪ್ರಿಂಟರ್‌ಗಳು: ಕೈ ಚೆಲ್ಲುವ ಮೊದಲು

ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020. ಝೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಟೈಪಿಂಗ್ ಸೆಂಟರ್‌ಗಳಲ್ಲಿ ಈ ಪುಟ್ಟ ಪ್ರಿಂಟರ್‌ಗಳನ್ನು ನೋಡದವರು ಯಾರು? ಅಗ್ಗಕ್ಕೆ ಸಿಗಲು ಒಂದು ಕಾರಣ, ಅವುಗಳ ತಲೆಯಲ್ಲಿ ಪೋಸ್ಟ್‌ಸ್ಕ್ರಿಪ್ಟೂ ಇಲ್ಲ, ಪಿಸಿಎಲ್ಲೂ ಇಲ್ಲ. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸವನ್ನು ಕಂಪ್ಯೂಟರೇ ಮಾಡಿ, ಕಂಪನಿಯ ಸ್ವಂತ ರೀತಿಯಲ್ಲಿ ಕುಗ್ಗಿಸಿ ಕಳಿಸುತ್ತದೆ. ಹೋಸ್ಟ್ ಪ್ರಿಂಟರ್ ಅನ್ನುವುದು ಇಂಥವನ್ನೇ. 600 ಡಿಪಿಐನಲ್ಲಿ ಒಂದು ಎ4 ಪುಟ ಅಂದರೆ ಸುಮಾರು ಮೂರೂವರೆ ಕೋಟಿ ಚುಕ್ಕಿ. ಪಿಆರ್‌ಎನ್‌ನಲ್ಲಿ ಇರುವುದು ಅಷ್ಟೇ. ಅಕ್ಷರ, ಫಾಂಟ್ ಅನ್ನೋದು ಒಂದೂ ಉಳಿದಿಲ್ಲ.

ಗೋಸ್ಟ್‌ಸ್ಕ್ರಿಪ್ಟ್ ಬಳಗಕ್ಕೆ ಇದು ಅರ್ಥವಾಗುವುದಿಲ್ಲ. ಎಚ್‌ಪಿ 1020ರ ಥರದ ಫೈಲ್‌ಗೆ ಲಿನಕ್ಸ್‌ನಲ್ಲಿ ಒಂದು ಕಿಂಡಿ ಇದೆ. ಆ ಪ್ರಿಂಟರ್‌ಗಳಿಗಾಗಿ ಉತ್ಸಾಹಿಗಳು ಕಟ್ಟಿದ 'ಫೂ2ಝಡ್‌ಜೆಎಸ್' ಡ್ರೈವರ್ ಜೊತೆಗೆ 'ಝಡ್‌ಜೆಎಸ್‌ಡಿಕೋಡ್' ಅನ್ನುವ ಉಪಕರಣ ಬರುತ್ತದೆ. ಅದು ಫೈಲನ್ನು ಬಿಚ್ಚಿ ಪುಟಗಳನ್ನು ಪಿಬಿಎಂ ಚಿತ್ರಗಳಾಗಿ ಉಳಿಸಬಲ್ಲದು. ಗಿಂಪ್‌ನಲ್ಲಿ ತೆರೆದು ನೋಡಬಹುದು. ಕೆಲಸ ಗೊತ್ತಿರುವವರ ಸಹಾಯ ಪಡೆಯಿರಿ, ಹೊಸಬರಿಗೆ ಹೇಳುವಂಥದ್ದಲ್ಲ.

ಅದೂ ಆಗದಿದ್ದರೆ ಉಳಿದದ್ದು ಹಳೆಯ ಉಪಾಯ: ಅದೇ ಮಾದರಿಯ ಪ್ರಿಂಟರ್ ಇಟ್ಟುಕೊಂಡಿರುವವರನ್ನು ಹುಡುಕಿ. 2900 ಇನ್ನೂ ಎಷ್ಟೋ ಅಂಗಡಿಗಳಲ್ಲಿ ಕುಯ್ಯೋ ಅನ್ನುತ್ತಾ ಓಡುತ್ತಿದೆ. ಪೆನ್‌ಡ್ರೈವ್‌ನಲ್ಲಿ ಫೈಲ್ ಒಯ್ಯಿರಿ. ಪ್ರಿಂಟರನ್ನು ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವಂತೆ ಮಾಡಿ, ಅದೇ ಕಾಪಿ ಆದೇಶ, ಅದೇ 'ಬಿ' ಸ್ವಿಚ್ ಬಳಸಿ ಆ ಹಂಚಿಕೆಯ ಹೆಸರಿಗೆ ಕಳಿಸಿ. ಮಾದರಿ ಬೇರೆಯಾದರೆ ಮಾತ್ರ ಕಳಿಸಲೇಬೇಡಿ. ಒಂದೊಂದು ಹಾಳೆಗೆ ನಾಲ್ಕು ಕಸದ ಅಕ್ಷರ ಬಿದ್ದು ಅಂಗಡಿಯವರ ಟ್ರೇ ಖಾಲಿಯಾಗುತ್ತದೆ, ಆಮೇಲೆ ಅವರ ಬಾಯಿಗೆ ನೀವು ಸಿಗುತ್ತೀರಿ.

ಆನ್‌ಲೈನ್ ಪರಿವರ್ತಕಗಳ ಬಗ್ಗೆ

ಫೈಲ್ ಏರಿಸಿ, ಪಿಡಿಎಫ್ ಇಳಿಸಿಕೊಳ್ಳಿ ಅನ್ನುವ ತಾಣಗಳು ಬೇಕಾದಷ್ಟಿವೆ. ಏನನ್ನೂ ಹಾಕಿಕೊಳ್ಳದೆ, ಫೋನಿನಿಂದಲೂ ಆಗುತ್ತದೆ. ಬಾಲ ನೋಡಿ ನಿರ್ಧರಿಸುವ ತಾಣವಾದರೆ ಪಿಆರ್‌ಎನ್ ಅಂತ ಇದ್ದಾಗ ಒಲ್ಲೆ ಅನ್ನಬಹುದು. ಪಿಎಸ್ ಅಥವಾ ಪಿಸಿಎಲ್ ಅಂತ ಸರಿಯಾದ ಬಾಲ ಹಾಕಿ ಏರಿಸಿ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರಕ್ಕೆ ಚಿಂತೆಯಿಲ್ಲ. ಸಾಲದ ಪಟ್ಟಿ, ಸಂಬಳ ಚೀಟಿ, ಕ್ರಯಪತ್ರದ ಕರಡು, ಆಧಾರ್ ಸಂಖ್ಯೆ ಇರುವ ಯಾವುದನ್ನೂ ಅಲ್ಲಿಗೆ ಏರಿಸಬೇಡಿ. ಊರಿನ ನಾನೂರು ಜನರ ಸಾಲದ ಬಾಕಿ ಯಾವುದೋ ದೇಶದ ಸರ್ವರ್‌ನಲ್ಲಿ ಯಾಕಿರಬೇಕು?

ಪ್ರಿಂಟರ್ ಇಲ್ಲ, ಹೊಸದಾಗಿ ಫೈಲ್ ಮಾಡಬೇಕು ಅನ್ನುವವರಿಗೆ

ಈಗ ಮಾಡುವ ಫೈಲ್‌ಗೆ ಪ್ರಿಂಟ್ ಟು ಫೈಲ್ ಚೌಕವನ್ನು ಮುಟ್ಟಬೇಡಿ. ವಿಂಡೋಸ್ 10ರಿಂದ 'ಮೈಕ್ರೊಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಜೊತೆಗೇ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ 4.4 ಆವೃತ್ತಿಯಿಂದ ಪ್ರಿಂಟ್ ಮೆನುವಿನಲ್ಲೇ ಪಿಡಿಎಫ್ ಉಳಿಸುವ ಆಯ್ಕೆ ಇದೆ. ಲಿನಕ್ಸ್‌ನಲ್ಲಿ ಕಪ್ಸ್-ಪಿಡಿಎಫ್ ಹಾಕಿಕೊಳ್ಳಬಹುದು. ವರ್ಡ್, ಲಿಬ್ರೆಆಫೀಸ್ ಬಳಸುವವರು ಪ್ರಿಂಟ್ ದಾರಿಯನ್ನೇ ಬಿಟ್ಟು 'ಸೇವ್ ಆ್ಯಸ್' ಅಥವಾ 'ಎಕ್ಸ್‌ಪೋರ್ಟ್' ಮೂಲಕ ಪಿಡಿಎಫ್ ಮಾಡುವುದು ಮೇಲು. ಪ್ರಿಂಟ್ ದಾರಿಯಲ್ಲಿ ಹೋದರೆ ಲಿಂಕ್‌ಗಳು, ಪರಿವಿಡಿಯ ಬುಕ್‌ಮಾರ್ಕ್‌ಗಳು ಉದುರಿಹೋಗುತ್ತವೆ.

ಪ್ರಿಂಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಹಳೆಯ ವಿಂಡೋಸ್ ಪ್ರೋಗ್ರಾಂ ಒಂದಿದೆ, ಅದರಿಂದ ಅಂಕಿಗಳನ್ನು ಹೊರಗೆ ತರಬೇಕು ಅಂತಿಟ್ಟುಕೊಳ್ಳಿ. ವಿಂಡೋಸ್‌ನ ಪ್ರಿಂಟರ್ ಪಟ್ಟಿಯಲ್ಲಿ 'ಜನೆರಿಕ್ / ಟೆಕ್ಸ್ಟ್ ಓನ್ಲಿ' ಅನ್ನುವ ಡ್ರೈವರ್ ಇದೆ. ಅದನ್ನು 'ಫೈಲ್' ಅನ್ನುವ ಪೋರ್ಟಿಗೆ ಕಟ್ಟಿ ಸೇರಿಸಿ. ಪ್ರಿಂಟ್ ಕೊಟ್ಟಾಗ ಫೈಲಿನ ಹೆಸರು ಕೇಳುತ್ತದೆ, ಹುಟ್ಟುವುದು ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲಿ ನೇರ ತೆರೆಯುತ್ತದೆ. ಚಿತ್ರ, ಲೋಗೋ ಬರುವುದಿಲ್ಲ. ಕನ್ನಡವೂ ಅದಕ್ಕೆ ಬಾರದು. ವರದಿಯಲ್ಲಿ ಹೆಸರುಗಳು ಕನ್ನಡದಲ್ಲಿದ್ದರೆ ಪಿಡಿಎಫ್ ಪ್ರಿಂಟರನ್ನೇ ಆರಿಸಿ, ಅಂಕಿಗಳನ್ನು ಮಾತ್ರ ಈ ದಾರಿಯಲ್ಲಿ ತೆಗೆದುಕೊಳ್ಳಿ.